ಮದುವೆಗೆ ಬಂದವರು ಚಿಟ್ಟೆ ಎಲ್ಲಿ ನೋಡಬೇಕು?

ಪ್ರಶ್ನೆ: ನಾನು ಧಾರವಾಡದವಳು, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನವೆಂಬರ್ ಎರಡನೇ ವಾರ ತಂಗಿಯ ಮಗಳ ಮದುವೆಗೆ ಮೈಸೂರಿಗೆ ಬರುತ್ತಿದ್ದೇನೆ. ಮೂರು ದಿನ ಇರುತ್ತೇನೆ. ಮದುವೆ ಗಡಿಬಿಡಿಯ ನಡುವೆ ಒಂದು ಪೂರ್ತಿ ಬೆಳಗ್ಗೆ, ಇನ್ನೊಂದು ದಿನ ಸಂಜೆ ಕಡೆ ಎರಡು ತಾಸು ಬಿಡುವು ಸಿಗಬಹುದು. ಪಾತರಗಿತ್ತಿ ನೋಡುವುದು, ಫೋಟೊ ತೆಗೆಯುವುದು ನನ್ನ ಹುಚ್ಚು. ಮೊಬೈಲ್ ಇದೆ. ಮಗನ ಹಳೇ ಕ್ಯಾಮೆರಾ, ಅದಕ್ಕೊಂದು 55–250 ಲೆನ್ಸ್ ಇದೆ. ಆದರೆ ಹತ್ತಿರ ಹೋದ ಕೂಡಲೇ ಅವು ಹಾರಿಬಿಡುತ್ತವೆ. ನನ್ನ ಹತ್ತಿರ ಇರುವುದು ಬರೀ ಎಲೆಗಳ ಫೋಟೊ. ಎಲ್ಲಿ ಹೋಗಲಿ? ಬಂಡೀಪುರಕ್ಕೇ ಹೋಗಬೇಕಾ? ನಮ್ಮ ರಾಜ್ಯದ ಚಿಟ್ಟೆ ಅಲ್ಲಿ ಕಾಣುತ್ತದಾ?

ಉತ್ತರ:

ಅಕ್ಕೋರೇ, ನಿಮ್ಮ ಕಡೆ ಟೀಚರನ್ನು ಹಾಗೆ ಕರೆಯುತ್ತಾರೆ ಅಂತ ಕೇಳಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಬರೀ ಎಲೆಗಳ ಫೋಟೊ ನನ್ನ ಹತ್ತಿರವೂ ರಾಶಿ ಇವೆ. ಮೊದಮೊದಲು ಚಾಮುಂಡಿ ಬೆಟ್ಟದಲ್ಲಿ ಕ್ರಿಮ್ಸನ್ ರೋಸ್ ಅನ್ನುವ ಒಂದು ಚಿಟ್ಟೆಯ ಹಿಂದೆ ಅರ್ಧ ಗಂಟೆ ಓಡಿ, ಲಾಂಟಾನ ಮುಳ್ಳಿನಲ್ಲಿ ಕೈಯೆಲ್ಲ ಗೀರಿಸಿಕೊಂಡು ಬಂದಿದ್ದೆ. ಮನೆಗೆ ಬಂದು ನೋಡಿದರೆ ಒಂದೇ ಒಂದು ಫೋಟೊದ ಮೂಲೆಯಲ್ಲಿ ಅರ್ಧ ರೆಕ್ಕೆ. ಚಿಟ್ಟೆ ಹಿಂದೆ ಓಡಬಾರದು ಅನ್ನುವುದನ್ನು ಆವತ್ತು ಕಲಿತೆ. ಅದಕ್ಕೆ ಬೇಕಾದ ಗಿಡ ಯಾವುದು ಅಂತ ಹುಡುಕಿ, ಆ ಗಿಡದ ಪಕ್ಕ ಕೂತುಬಿಡಬೇಕು. ನಿಮ್ಮ ಎರಡು ತಾಸಿನಲ್ಲಿ ಐದು ಜಾಗ ಸುತ್ತಿದರೆ ಏನೂ ಸಿಗಲ್ಲ. ಒಂದೇ ಪೊದೆಯ ಹತ್ತಿರ ಎರಡು ತಾಸು ಕೂತರೆ ಹತ್ತು ಹದಿನೈದು ಜಾತಿ ಸಿಗುತ್ತವೆ.

ಹಾಗಾಗಿ ಬಂಡೀಪುರ, ನಾಗರಹೊಳೆ ಬಿಟ್ಟುಬಿಡಿ. ಅಲ್ಲಿ ಚಿಟ್ಟೆ ಬೇಕಾದಷ್ಟಿವೆ, ಆದರೆ ಸಫಾರಿ ಗಾಡಿಯಿಂದ ಇಳಿಯುವ ಹಾಗಿಲ್ಲ. ಡ್ರೈವರ್ ಹುಲಿಗೆ ನಿಲ್ಲಿಸುತ್ತಾನೆ, ಚಿಟ್ಟೆಗೆ ನಿಲ್ಲಿಸಲ್ಲ. ಕಾಡಿನ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಇಳಿಯುವುದಕ್ಕೂ ಅವಕಾಶ ಇಲ್ಲ. ಅರ್ಧ ದಿನ ಹೋಗಿ ಬರುವುದರಲ್ಲೇ ಕಳೆಯುತ್ತದೆ.

ಮೊದಲು ನೋಡಬೇಕಾದ ಜಾಗ ಯಾವುದು ಗೊತ್ತಾ? ನಿಮ್ಮ ಛತ್ರದ ಹಿತ್ತಲು. ತಮಾಷೆಗೆ ಹೇಳುತ್ತಿಲ್ಲ. ಮದುವೆ ಛತ್ರದ ಹಿಂದೆ ಬಾಳೆಹಣ್ಣಿನ ಸಿಪ್ಪೆ, ಕೊಳೆತ ಹಣ್ಣು ಗುಡ್ಡೆ ಬಿದ್ದಿರುತ್ತದೆ. ಎಲ್ಲಾ ಚಿಟ್ಟೆಗಳೂ ಹೂವಿನ ಹಿಂದೆ ಬೀಳುವುದಿಲ್ಲ. ಕಾಮನ್ ಬ್ಯಾರನ್, ಈವ್ನಿಂಗ್ ಬ್ರೌನ್ ಥರದವು ಹೂವನ್ನು ಮೂಸಿಯೂ ನೋಡಲ್ಲ, ಹುಳಿ ಬಂದ ಹಣ್ಣಿನ ರಸಕ್ಕೆ ಬರುತ್ತವೆ. ಪಕ್ಕದಲ್ಲೊಂದು ಮಾವಿನ ಮರ ಇದ್ದರಂತೂ ಬ್ಯಾರನ್ ಇದ್ದೇ ಇರುತ್ತದೆ, ಅದರ ಮರಿಹುಳು ತಿನ್ನುವುದೇ ಮಾವಿನ ಎಲೆ. ಆ ಹುಳು ಎಲೆಯ ನಡುದಿಂಡಿನ ಮೇಲೆ ಉದ್ದಕ್ಕೆ ಮಲಗಿದರೆ ಎಲೆ ಯಾವುದು, ಹುಳು ಯಾವುದು ಅಂತ ಗೊತ್ತಾಗಲ್ಲ. ಹಣ್ಣು ಹೀರುವಾಗ ಈ ಚಿಟ್ಟೆಗಳಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಮೊಬೈಲ್ ಹಿಡಿದು ಒಂದಡಿ ಹತ್ತಿರ ಹೋಗಬಹುದು. ರೇಷ್ಮೆ ಸೀರೆ ಉಟ್ಟುಕೊಂಡು ಬಗ್ಗಿ ಕೂರುವುದು ಹೇಗೆ ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.

ಅಡುಗೆಮನೆ ಹಿಂದೆ ಕರಿಬೇವಿನ ಗಿಡ ಇದ್ದರೆ ಅಲ್ಲೂ ಹತ್ತು ನಿಮಿಷ ನಿಲ್ಲಿ. ಲೈಮ್ ಬಟರ್‌ಫ್ಲೈ, ಅಂದರೆ ಕಪ್ಪು ಮೈಗೆ ತಿಳಿ ಹಳದಿ ಚುಕ್ಕೆ ಇರುವ ನಿಂಬೆ ಚಿಟ್ಟೆ, ಮೊಟ್ಟೆ ಇಡುವುದು ಇಲ್ಲೇ. ಹೆಣ್ಣು ಬರುವ ರೀತಿ ನೋಡಿ. ನೆಟ್ಟಗೆ ಕೂರುವುದಿಲ್ಲ. ಎಲೆಯಿಂದ ಎಲೆಗೆ ಹಾರುತ್ತಾ, ರೆಕ್ಕೆ ಬಡಿಯುತ್ತಲೇ ಮುಂಗಾಲಿನಿಂದ ಎಲೆಯನ್ನು ತಟ್ಟುತ್ತದೆ. ಅದಕ್ಕೆ ರುಚಿ ತಿಳಿಯುವುದು ಕಾಲಿನಲ್ಲಿ. ಇದು ಕರಿಬೇವೇ ಹೌದು ಅಂತ ಖಾತ್ರಿ ಆದಮೇಲೆ ಹೊಟ್ಟೆಯ ತುದಿ ಬಗ್ಗಿಸಿ, ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ, ತಿಳಿ ಹಳದಿ ಮೊಟ್ಟೆ ಒಂದೇ ಒಂದು ಇಟ್ಟು ಹೊರಡುತ್ತದೆ. ಎಲೆ ಮೇಲೆ ಹಕ್ಕಿ ಹಿಕ್ಕೆಯ ಥರ ಕಂದು ಬಿಳಿ ಬಣ್ಣದ್ದೇನಾದರೂ ಕಂಡರೆ ಬೆರಳಿಂದ ಮೆಲ್ಲಗೆ ಮುಟ್ಟಿ. ಅದು ಮರಿಹುಳುವಾಗಿದ್ದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಗೆ ಚಾಚುತ್ತದೆ, ಘಾಟು ವಾಸನೆ ಬರುತ್ತದೆ. ನಿಮ್ಮ ಶಾಲೆ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ವಿಡಿಯೊ ಸಿಗಲ್ಲ.

ಇನ್ನು ಪೂರ್ತಿ ಬಿಡುವಿನ ಬೆಳಗ್ಗೆ. ಪಕ್ಷಿ ನೋಡುವವರ ಹಾಗೆ ಐದಕ್ಕೆ ಅಲಾರಂ ಇಡಬೇಡಿ. ಚಿಟ್ಟೆಗೆ ಮೈ ಬಿಸಿ ಆಗದೆ ಹಾರಲು ಆಗುವುದಿಲ್ಲ. ನವೆಂಬರಿನ ಮೈಸೂರಿನಲ್ಲಿ ಬೆಳಗ್ಗೆ ಚಳಿ ಇರುತ್ತದೆ, ಮಂಜೂ ಇರಬಹುದು. ತಿಂಡಿ ತಿಂದು ಎಂಟಕ್ಕೆ ಹೊರಟರೆ ಸಾಕು. ಎಂಟೂವರೆಯಿಂದ ಒಂಬತ್ತೂವರೆವರೆಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಫೋಟೊಗೆ ಅದೇ ಹೊತ್ತು. ಹನ್ನೊಂದರ ಮೇಲೆ ಮೈ ಕಾದು ಒಂದು ಕಡೆ ನಿಲ್ಲುವುದಿಲ್ಲ. ಬಿಸಿಲೂ ನೆತ್ತಿಗೆ ಬಂದು ಫೋಟೊ ಬೆಳ್ಳಗಾಗುತ್ತದೆ.

ಜಾಗ? ವಾಹನ ಇದ್ದರೆ ನಾನು ಹೇಳುವುದು ಕರಿಘಟ್ಟ. ಶ್ರೀರಂಗಪಟ್ಟಣದ ಪಕ್ಕದಲ್ಲೇ ಇದೆ, ಬೆಟ್ಟದ ಮೇಲೆ ಶ್ರೀನಿವಾಸನ ಗುಡಿ, ಕೆಳಗೆ ಲೋಕಪಾವನಿ ಹೊಳೆ. ಬಂದವರೆಲ್ಲ ದೇವರಿಗೆ ಕೈಮುಗಿದು, ಮೇಲಿಂದ ಕಾಣುವ ಗದ್ದೆ ಬಯಲು ನೋಡಿ ಇಳಿದುಬಿಡುತ್ತಾರೆ. ಚಿಟ್ಟೆಯವರಿಗೆ ಅಲ್ಲಿ ಎರಡು ಕೆಲಸ ಇವೆ.

ಒಂದು, ಕೆಳಗೆ ಹೊಳೆ ದಡದ ಒದ್ದೆ ಮಣ್ಣು. ಬಿಸಿಲು ಏರಿದ ಮೇಲೆ ಎಮಿಗ್ರೆಂಟ್, ಗ್ರಾಸ್ ಯೆಲ್ಲೊ, ನಿಂಬೆ ಚಿಟ್ಟೆ, ಸಣ್ಣ ನೀಲಿ ಚಿಟ್ಟೆಗಳು ಗುಂಪಾಗಿ ಮಣ್ಣಿನ ಮೇಲೆ ಕೂತು ನೀರು ಹೀರುತ್ತವೆ. ಬಾಯಾರಿಕೆಗಲ್ಲ, ಉಪ್ಪಿಗೆ. ಹೀಗೆ ಕೂರುವವು ಹೆಚ್ಚಿನಂಶ ಗಂಡುಗಳು. ಆ ಉಪ್ಪಿನಂಶವನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗೆ ಸೇರುತ್ತದೆ. ದನ ನೀರು ಕುಡಿದು ಗಂಜಲ ಹೊಯ್ದ ಜಾಗ ಇದ್ದರೆ ಇನ್ನೂ ಒಳ್ಳೆಯದು, ಮೂಗು ಮುಚ್ಚಿಕೊಂಡು ಅಲ್ಲೇ ಕೂರಿ. ಬೆವರಿನಲ್ಲೂ ಉಪ್ಪು ಇರುತ್ತದಲ್ಲ, ಒಮ್ಮೊಮ್ಮೆ ನಿಮ್ಮ ಕೈಮೇಲೇ ಬಂದು ಕೂರುತ್ತವೆ. ಒಂದು ಸಲ ನನ್ನ ಹೆಬ್ಬೆರಳಿನ ಮೇಲೆ ಒಂದು ನೀಲಿ ಚಿಟ್ಟೆ ಕೂತು ದಾರದಂಥ ನಾಲಿಗೆ ಇಳಿಬಿಟ್ಟು ಐದು ನಿಮಿಷ ಹೀರಿತು. ಕ್ಯಾಮೆರಾ ಇದ್ದದ್ದು ಅದೇ ಕೈಯಲ್ಲಿ. ಫೋಟೊ ತೆಗೆಯಲು ಆಗಲೇ ಇಲ್ಲ.

ಎರಡು, ಬೆಟ್ಟದ ನೆತ್ತಿ. ಕೆಲವು ಜಾತಿಯ ಗಂಡು ಚಿಟ್ಟೆಗಳು ಎತ್ತರದ ಜಾಗ ಹಿಡಿದು ಹೆಣ್ಣಿಗೆ ಕಾಯುತ್ತವೆ. ಡ್ಯಾನೈಡ್ ಎಗ್‌ಫ್ಲೈ ಗಂಡು ನೋಡಿ: ಕಪ್ಪು ರೆಕ್ಕೆ, ಒಂದೊಂದು ಪಕ್ಕಕ್ಕೂ ನೇರಳೆ ಅಂಚಿನ ಮೂರು ಬಿಳಿ ಬೊಟ್ಟು. ಬೇರೆ ಯಾರೇ ಹಾದುಹೋದರೂ ಅಟ್ಟಿಸಿಕೊಂಡು ಹೋಗಿ, ತಿರುಗಿ ಬಂದು ಅದೇ ಕಡ್ಡಿಯ ಮೇಲೆ ಕೂರುತ್ತದೆ. ಹಾರಿತು ಅಂತ ನೀವು ಬೇಜಾರಾಗಬೇಡಿ. ಆ ಕಡ್ಡಿಗೇ ಫೋಕಸ್ ಮಾಡಿಕೊಂಡು ಕಾಯಿರಿ.

ವಾಹನ ಇಲ್ಲದಿದ್ದರೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಬಸ್ಸಿನಲ್ಲಿ ಮೇಲೆ ಹೋಗಿ, ಮೆಟ್ಟಿಲಿನಲ್ಲಿ ಇಳಿಯುತ್ತಾ ಬನ್ನಿ, ಮಂಡಿಗೂ ಸ್ವಲ್ಪ ದಯೆ ತೋರಿಸಿದ ಹಾಗಾಗುತ್ತದೆ. ನಂದಿಯಿಂದ ಕೆಳಗೆ ಎರಡೂ ಬದಿಯ ಕುರುಚಲು ಕಾಡು ಚೆನ್ನಾಗಿದೆ. ಕೋತಿಗಳಿವೆ, ಕೈಯಲ್ಲಿ ತಿಂಡಿ ಚೀಲ ಬೇಡ. ಚಿರತೆ ಓಡಾಡುವ ಬೆಟ್ಟ, ಮೆಟ್ಟಿಲು ಬಿಟ್ಟು ಪೊದೆ ಒಳಗೆ ನುಗ್ಗಬೇಡಿ, ಸಂಜೆ ಕತ್ತಲಲ್ಲಂತೂ ಬೇಡವೇ ಬೇಡ.

ಎಲ್ಲೇ ಹೋದರೂ ಕಣ್ಣು ಒಂದು ಗಿಡ ಹುಡುಕುತ್ತಿರಲಿ. ಹಳದಿ ಹೂ ಬಿಡುತ್ತದೆ, ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದರೆ ಗಿಲಗಿಲ ಅನ್ನುತ್ತದೆ. ಮಂಡ್ಯದ ಕಡೆ ಗದ್ದೆಗೆ ಹಸಿರು ಗೊಬ್ಬರ ಅಂತ ಬಿತ್ತುವ ಅಪ್ಸೆಣಬಿನ ಸಂಬಂಧಿ ಅದು. ಬ್ಲೂ ಟೈಗರ್, ಸ್ಟ್ರೈಪ್ಡ್ ಟೈಗರ್, ಪ್ಲೇನ್ ಟೈಗರ್, ಕಾಮನ್ ಕ್ರೋ, ಈ ಚಿಟ್ಟೆಗಳಿಗೆಲ್ಲ ಈ ಗಿಡ ಅಂದರೆ ಪ್ರಾಣ. ಹೂವಿಗಲ್ಲ, ಒಣಗಿದ ಎಲೆ, ಗಾಯವಾದ ಕಾಂಡಕ್ಕೆ ಮುತ್ತುತ್ತವೆ. ಅದರಲ್ಲಿರುವ ಒಂದು ಕಹಿ ವಿಷವನ್ನು ಗಂಡುಗಳು ಹೀರಿ, ಹೆಣ್ಣನ್ನು ಒಲಿಸುವ ಪರಿಮಳ ಮಾಡಿಕೊಳ್ಳುತ್ತವೆ. ವಿಷ ಮೈಗೆ ಸೇರಿದ ಮೇಲೆ ಹಕ್ಕಿಗಳೂ ಇವನ್ನು ತಿನ್ನಲ್ಲ. ಅದಕ್ಕೇ ಇವಕ್ಕೆ ಹೆದರಿಕೆ ಕಡಿಮೆ, ಹಾರುವುದೂ ನಿಧಾನ. ನಿಮ್ಮಂತೆ ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ ದೇವರು ಕೊಟ್ಟ ಚಿಟ್ಟೆಗಳು. ಅಲ್ಲದೆ ಅಕ್ಟೋಬರ್, ನವೆಂಬರ್ ಇವುಗಳ ವಲಸೆ ಕಾಲ. ಮುಂಗಾರಿಗೆ ಮುಂಚೆ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ಹೋದ ಟೈಗರ್, ಕ್ರೋಗಳ ಪೀಳಿಗೆ ಈಗ ಘಟ್ಟದ ಕಡೆ ಹಿಂದಿರುಗುತ್ತಿರುತ್ತದೆ. ಅದೃಷ್ಟ ಇದ್ದರೆ ಒಂದೇ ಗಿಡದಲ್ಲಿ ನೂರಾರು ಜೋತುಬಿದ್ದಿರುವುದು ಕಾಣುತ್ತದೆ.

ಇಂಥದ್ದೇ ಗಿಡದ ಮುಂದೆ ಒಮ್ಮೆ ಪಾಂಡವಪುರದ ಹತ್ತಿರ ನಾಲೆ ಏರಿ ಮೇಲೆ ಮಂಡಿಯೂರಿದ್ದೆ. ಹಿಂದಿನಿಂದ ಒಬ್ಬ ರೈತರು, “ಏನ್ ಸಾ, ಸರ್ವೆಯೋರಾ? ಮತ್ತೆ ರೋಡ್ ಅಗಲ ಮಾಡ್ತಾರಾ?” ಅಂದರು. ಇಲ್ಲಣ್ಣ, ಚಿಟ್ಟೆ ಫೋಟೊ ಅಂದೆ. ಮುಖದ ಗಂಟು ಬಿಚ್ಚಿಕೊಂಡಿತು. “ಅಷ್ಟೇಯಾ! ಇಲ್ಯಾಕ್ ಕೂತಿದ್ದೀರಿ, ನಮ್ಮ ಅವರೆ ಹೊಲಕ್ಕೆ ಬನ್ನಿ, ದಂಡಿಯಾಗವೆ.” ನಿಜವಾಗಿಯೂ ದಂಡಿಯಾಗಿದ್ದವು. ಪೀ ಬ್ಲೂ ಅನ್ನುವ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಚಿಟ್ಟೆ. ನೀವು ಬರುವ ಹೊತ್ತಿಗೆ ಅವರೆ ಹೂ ಬಿಟ್ಟಿರುತ್ತದೆ. ಅವರೆಕಾಯಿ ಸುಲಿಯುವಾಗ ಹುಳ ಸಿಗುತ್ತದಲ್ಲ, ಅದರಲ್ಲಿ ಕೆಲವು ಇದರದೇ ಮರಿ. ಅದು ಕೂತಾಗ ಹಿಂದಿನ ರೆಕ್ಕೆ ನೋಡಿ. ತುದಿಯಲ್ಲಿ ಎರಡು ಕಪ್ಪು ಕಣ್ಣಿನಂಥ ಚುಕ್ಕೆ, ಪಕ್ಕದಲ್ಲಿ ಕೂದಲೆಳೆಯಂಥ ಬಾಲ. ರೆಕ್ಕೆಗಳನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜುತ್ತಾ ಇರುತ್ತದೆ, ಆಗ ಬಾಲಗಳು ಮೀಸೆಯ ಹಾಗೆ ಅಲ್ಲಾಡುತ್ತವೆ. ಹಲ್ಲಿಯೋ ಹಕ್ಕಿಯೋ ತಲೆ ಅಂದುಕೊಂಡು ಆ ಕಡೆ ಬಾಯಿ ಹಾಕಿದರೆ ರೆಕ್ಕೆ ಚೂರು ಹೋಗುತ್ತದೆ, ಜೀವ ಉಳಿಯುತ್ತದೆ. ಹಿಂದಿನ ರೆಕ್ಕೆ ಹರಿದ ಚಿಟ್ಟೆ ಸಿಕ್ಕರೆ ಫೋಟೊ ಕೆಟ್ಟಿತು ಅನ್ನಬೇಡಿ, ನನಗೆ ಅಂಥವೇ ಜಾಸ್ತಿ ಇಷ್ಟ. ಹೊಲಕ್ಕೆ ಇಳಿಯುವ ಮುಂಚೆ ಯಜಮಾನರನ್ನು ಒಂದು ಮಾತು ಕೇಳಿ. ಔಷಧಿ ಹೊಡೆದಿದ್ದಾರಾ ಅಂತಲೂ ಕೇಳಿ. ಹೊಡೆದಿದ್ದರೆ ಅಲ್ಲಿ ಚಿಟ್ಟೆ ಇರಲ್ಲ, ನೀವೂ ಇರಬಾರದು.

ಫೋಟೊ ವಿಷಯಕ್ಕೆ ಬರೋಣ. ನಿಮ್ಮ 55–250 ಲೆನ್ಸ್ ಬಗ್ಗೆ ಕೀಳರಿಮೆ ಬೇಡ. ಹೆಚ್ಚುಕಡಿಮೆ ಒಂದು ಮೀಟರಿಗಿಂತ ಹತ್ತಿರ ಅದು ಫೋಕಸ್ ಆಗಲ್ಲ, ನಿಜ. ಆದರೆ ಚಿಟ್ಟೆ ನಿಮ್ಮನ್ನು ಸಹಿಸಿಕೊಳ್ಳುವ ದೂರವೂ ಸುಮಾರು ಅಷ್ಟೇ. 250ಕ್ಕೆ ಎಳೆದು, ಅಪರ್ಚರ್ (ಬೆಳಕು ಬರುವ ಕಿಂಡಿ) f/8ರ ಆಸುಪಾಸು, ಶಟರ್ 1/500 ಸೆಕೆಂಡ್ ಅಥವಾ ಇನ್ನೂ ವೇಗ ಇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊದಲ್ಲಿರಲಿ. ಫೋಕಸ್ ಪಾಯಿಂಟ್ ನಡುವಿನದ್ದು ಒಂದೇ ಇಟ್ಟುಕೊಳ್ಳಿ. ಎಲ್ಲಾ ಪಾಯಿಂಟ್ ಆನ್ ಆಗಿದ್ದರೆ ಕ್ಯಾಮೆರಾ ಮುಂದಿನ ಹುಲ್ಲುಕಡ್ಡಿಗೆ ಹೋಗುತ್ತದೆ. ನಿಮ್ಮ ಎಲೆ ಫೋಟೊಗಳಲ್ಲಿ ಅರ್ಧ ಹೀಗೇ ಬಂದಿರಬೇಕು.

ಚಿಟ್ಟೆ ರೆಕ್ಕೆ ಮಡಚಿ ಕೂತಾಗ ನಮಸ್ಕಾರ ಮಾಡಿದ ಕೈ ಹಾಗಿರುತ್ತದೆ. ಕ್ಯಾಮೆರಾ ಆ ಕೈಯ ಹಿಂಬದಿಗೆ ಸರಿಯಾಗಿ ಎದುರು ಇರಬೇಕು, ಓರೆ ಆಗಬಾರದು. ಓರೆ ಆದರೆ ಕಣ್ಣು ಸ್ಪಷ್ಟ, ರೆಕ್ಕೆ ತುದಿ ಮಸುಕು. ಇದಕ್ಕಾಗಿ ಚಿಟ್ಟೆಯ ಮಟ್ಟಕ್ಕೆ ಇಳಿಯಲೇಬೇಕು. ನಿಂತು ಮೇಲಿಂದ ತೆಗೆದದ್ದು ಯಾವತ್ತೂ ಸಪ್ಪೆ ಫೋಟೊ. ಹಳೇ ಗೋಣಿಚೀಲ ಒಂದು ತನ್ನಿ, ಮಂಡಿಗೆ ಹಾಕಿಕೊಳ್ಳಲು.

ಹತ್ತಿರ ಹೋಗುವುದಕ್ಕೂ ಒಂದು ಕ್ರಮ ಇದೆ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು, ಬಿದ್ದರೆ ಹಾರುತ್ತದೆ. ಬಂದು ಕೂತ ತಕ್ಷಣ ಹೋಗಬೇಡಿ. ನಾಲಿಗೆ ಬಿಚ್ಚಿ ಹೂವಿಗೆ ಇಳಿಸುವವರೆಗೆ ಕಾಯಿರಿ. ಆಮೇಲೆ ಕ್ಯಾಮೆರಾವನ್ನು ಮೊದಲೇ ಕಣ್ಣಿಗೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ. ಹತ್ತಿರ ಹೋದಮೇಲೆ ಕೈ ಎತ್ತಿದರೆ ಕೆಲಸ ಕೆಟ್ಟಿತು. ದೂರದಿಂದಲೇ ಒಂದು ಫೋಟೊ ತೆಗೆದಿಟ್ಟುಕೊಂಡು ಮುಂದೆ ಹೋಗಿ, ಹಾರಿಹೋದರೂ ಗುರುತಿಗೆ ಅದಾದರೂ ಇರುತ್ತದೆ.

ಮೊಬೈಲಿನಲ್ಲಾದರೆ ಮ್ಯಾಕ್ರೊ ಮೋಡ್ ಮರೆತುಬಿಡಿ. ಅದಕ್ಕೆ ಕೆಲವೇ ಸೆಂಟಿಮೀಟರ್ ಹತ್ತಿರ ಹೋಗಬೇಕು, ಮೊಟ್ಟೆ, ಮರಿಹುಳುವಿಗೆ ಸರಿ, ಚಿಟ್ಟೆಗಲ್ಲ. ಎರಡು ಪಟ್ಟು ಜೂಮ್ ಇಟ್ಟು ಸ್ವಲ್ಪ ದೂರದಿಂದ ತೆಗೆಯಿರಿ. ಪರದೆ ಮೇಲೆ ಚಿಟ್ಟೆಯನ್ನು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕಿನ ಗುರುತನ್ನು ತುಸು ಕೆಳಗೆ ಎಳೆಯಿರಿ. ಬಿಳಿ, ಹಳದಿ ಚಿಟ್ಟೆಗಳಿಗೆ ಇದನ್ನು ಮಾಡದಿದ್ದರೆ ರೆಕ್ಕೆ ಸುಣ್ಣ ಬಳಿದ ಗೋಡೆ ಆಗುತ್ತದೆ.

ಒಂದು ಮಾತು ಸ್ವಲ್ಪ ಕಟುವಾಗಿ ಹೇಳುತ್ತೇನೆ. ಹಿಡಿದು ಫ್ರಿಡ್ಜಿನಲ್ಲಿಟ್ಟು, ಮರಗಟ್ಟಿದ ಮೇಲೆ ಹೂವಿನ ಮೇಲೆ ಕೂರಿಸಿ ಫೋಟೊ ತೆಗೆಯುವವರಿದ್ದಾರೆ. ಒಂದು ಶಿಬಿರದಲ್ಲಿ ಹಾಗೆ ಮಾಡಿದವರ ಜೊತೆ ನಾನು ಜಗಳವಾಡಿ ಎದ್ದು ಬಂದಿದ್ದೇನೆ. ಕಾಲುಗಳನ್ನು ಮುದುಡಿಕೊಂಡು, ಹೂವಿನ ಮೇಲೆ ಯಾವತ್ತೂ ಕೂರದ ಭಂಗಿಯಲ್ಲಿ ಕೂತ ಚಿಟ್ಟೆಯನ್ನು ನೋಡಿದರೆ ಗೊತ್ತಾಗಿಬಿಡುತ್ತದೆ. ಅಂಥ ಫೋಟೊಗೆ ಬಹುಮಾನ ಬಂದರೂ ನನ್ನ ಮಟ್ಟಿಗೆ ಅದು ಕಸ.

ಗುರುತು ಹಿಡಿಯಲು ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ ಬೇಕು. ಮೈಸೂರಲ್ಲಿ ನೀವು ಖಂಡಿತ ಮೋಸಹೋಗುವ ಎರಡು ಜೋಡಿ ಹೇಳಿಬಿಡುತ್ತೇನೆ. ಕಪ್ಪು ರೆಕ್ಕೆ, ಹಿಂದೆ ಕೆಂಪು ಚುಕ್ಕೆ, ಬಾಲ ಇರುವ ಚಿಟ್ಟೆ ಕಂಡರೆ ರೆಕ್ಕೆ ಬಿಟ್ಟು ಮೈ ನೋಡಿ. ಮೈ ಕೆಂಪಾಗಿದ್ದರೆ ಕ್ರಿಮ್ಸನ್ ರೋಸ್ ಅಥವಾ ಕಾಮನ್ ರೋಸ್. ಕಪ್ಪಾಗಿದ್ದರೆ ಅದು ರೋಸಿನ ವೇಷ ಹಾಕಿದ ಕಾಮನ್ ಮಾರ್ಮನ್ ಹೆಣ್ಣು. ರೋಸ್ ವಿಷ, ಮಾರ್ಮನ್ ವಿಷವಲ್ಲ, ವೇಷದಲ್ಲೇ ಬದುಕು. ಹಾಗೆಯೇ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಹಿಂದಿನ ರೆಕ್ಕೆಯ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಒಂದೇ ಚುಕ್ಕೆ, ಅದೂ ಮೇಲಂಚಿನಲ್ಲಿದ್ದರೆ, ಅದು ಆಗಲೇ ಹೇಳಿದ ಎಗ್‌ಫ್ಲೈನ ಹೆಂಡತಿ. ಗಂಡ ಕಪ್ಪು, ಹೆಂಡತಿ ಕಿತ್ತಳೆ, ಒಂದೇ ಮನೆಯವರು ಅಂದರೆ ಯಾರೂ ನಂಬಲ್ಲ. ಹೆಸರು ತಿಳಿಯದಿದ್ದರೆ ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಜಾಗ, ತಾರೀಖು ಸಮೇತ ಹಾಕಿ, ಬಲ್ಲವರು ಹೇಳುತ್ತಾರೆ.

ರಾಜ್ಯದ ಚಿಟ್ಟೆ ಕೇಳಿದ್ದೀರಿ. ಸದರ್ನ್ ಬರ್ಡ್‌ವಿಂಗ್, 190 ಮಿಲಿಮೀಟರ್‌ವರೆಗೆ ರೆಕ್ಕೆ ಹರವು. 2020ರಲ್ಲಿ ಉತ್ತರಾಖಂಡದ ಒಂದು ಗೋಲ್ಡನ್ ಬರ್ಡ್‌ವಿಂಗ್ 194 ಅಳತೆಗೆ ಬರುವವರೆಗೆ ದೇಶಕ್ಕೇ ದೊಡ್ಡದು ಅಂತ ನಮ್ಮದೇ ಮೆರೆಯುತ್ತಿತ್ತು. ಆದರೆ ಅದು ಘಟ್ಟದ ಚಿಟ್ಟೆ. ಕೊಡಗಿನ ಕಡೆ ಹೋದರೆ ಸಿಗುತ್ತದೆ, ಮೈಸೂರಲ್ಲಿ ಅದನ್ನೇ ನಂಬಿ ಕೂರಬೇಡಿ. ಅದರ ಮರಿಹುಳುವಿನ ಹಾಗೆ ಈಶ್ವರಿ ಬಳ್ಳಿ ತಿಂದು ಬೆಳೆಯುವ ಕ್ರಿಮ್ಸನ್ ರೋಸ್ ಇಲ್ಲಿ ಧಾರಾಳವಾಗಿದೆ. ನನ್ನನ್ನು ಕೇಳಿದರೆ ಚಂದದಲ್ಲಿ ಏನೂ ಕಮ್ಮಿ ಇಲ್ಲ.

ಸಂಜೆಯ ಎರಡು ತಾಸು ಅದಕ್ಕೇ ಇಡಿ. ಕುಕ್ಕರಹಳ್ಳಿ ಕೆರೆ ಅಥವಾ ಲಿಂಗಾಂಬುಧಿ ಕೆರೆ, ಛತ್ರಕ್ಕೆ ಯಾವುದು ಹತ್ತಿರವೋ ಅದು. ಗೇಟು ತೆರೆಯುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ಕಾರಂಜಿ ಕೆರೆಯಲ್ಲಿ ಚಿಟ್ಟೆ ಪಾರ್ಕ್ ಇದೆ, ಮಕ್ಕಳು ಜೊತೆಗಿದ್ದರೆ ಅಲ್ಲಿಗೆ ಹೋಗಿ, ಮಂಗಳವಾರ ಬಿಟ್ಟು. ನಾಲ್ಕೂವರೆ ಹೊತ್ತಿಗೆ ಚಿಟ್ಟೆಗಳು ಮಲಗಲು ಜಾಗ ಹುಡುಕುತ್ತವೆ. ಕ್ರಿಮ್ಸನ್ ರೋಸ್‌ಗಳು ಒಣಗಿದ ರೆಂಬೆಗೆ ಗುಂಪಾಗಿ ಬಂದು ಜೋತುಬೀಳುತ್ತವೆ. ದಾರಿ ಬದಿಯ ಹುಲ್ಲಿನ ತುದಿಗಳಲ್ಲಿ ಗ್ರಾಸ್ ಬ್ಲೂಗಳು ತಲೆ ಕೆಳಗೆ ಮಾಡಿ ಮಲಗಿರುತ್ತವೆ. ಮಲಗಿದ ಚಿಟ್ಟೆ ಹಾರುವುದಿಲ್ಲ. ಫ್ಲ್ಯಾಷ್ ಮಾತ್ರ ಹಾಕಬೇಡಿ, ಹುಲ್ಲನ್ನು ಅಲ್ಲಾಡಿಸಬೇಡಿ.

ನವೆಂಬರಿನಲ್ಲಿ ಹಿಂಗಾರು ಮಳೆ ಅಡ್ಡ ಬರಬಹುದು. ಬೆಳಗ್ಗೆ ಮಳೆ ಬಂದರೆ ಹೋಗುವುದೇ ಬೇಡ ಅಂತ ಕೂರಬೇಡಿ. ಮಳೆಯಲ್ಲಿ ಅವೆಲ್ಲ ಎಲೆಯಡಿ ಜೋತುಬಿದ್ದಿರುತ್ತವೆ. ಬಿಸಿಲು ಬಂದ ಮೊದಲ ಅರ್ಧ ಗಂಟೆ ಒದ್ದೆ ರೆಕ್ಕೆ ಒಣಗಿಸಲು ಎಲೆ ಮೇಲೆ ಬಂದು ಪೂರ್ತಿ ಬಿಚ್ಚಿಕೊಂಡು ಕೂರುತ್ತವೆ. ಆಗ ಛತ್ರದಲ್ಲಿ ಯಾರಾದರೂ ಕಾಫಿಗೆ ಕರೆದರೂ, ಬಂದೆ ಅಂತ ಹೇಳಿ ಹೊರಗೆ ಹೋಗಿಬಿಡಿ.